ಛಾಪಾ ಕಾಗದದಲ್ಲಿ ಬಿಡುಗಡೆ ಆಗೋದಿಲ್ಲ ತಂಗಿ

ಪ್ರಶ್ನೆ: ಅಕ್ಕಾ, ಮದುವೆಯಾಗಿ ಆರು ವರ್ಷ. ಗಂಡನ ಮನೆ ಸಾಗರದ ಹತ್ತಿರ. ಎರಡು ವರ್ಷದಿಂದ ತವರಿನಲ್ಲಿದ್ದೇನೆ. ಮಕ್ಕಳಿಲ್ಲ. ದೀಪಾವಳಿ ಕಳೆದ ಮೇಲೆ ಹಿರಿಯರು ಕೂತು, ‘ಇನ್ನು ಇಬ್ಬರಿಗೂ ಸಂಬಂಧವಿಲ್ಲ’ ಅಂತ ಛಾಪಾ ಕಾಗದದಲ್ಲಿ ಬರೆಸಿ, ನಮ್ಮಿಬ್ಬರ ಸಹಿ ಹಾಕಿಸಿ ನೋಟರಿ ಮಾಡಿಸಿದರು. ಅವರಿಗೆ ಈಗ ಬೇರೆ ಹೆಣ್ಣು ನೋಡುತ್ತಿದ್ದಾರಂತೆ. ನಾನು ಕೋರ್ಟಿಗೂ ಹೋಗಬೇಕೇ? ದೇವಸ್ಥಾನದಲ್ಲಿ ಆದ ಮದುವೆ, ರಿಜಿಸ್ಟರ್ ಆಗಿಲ್ಲ. ಏನೇನು ಕಾಗದ ಬೇಕು?
– ಹೆಸರು ಬೇಡ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಹೋಗಲೇಬೇಕು ತಂಗಿ. ನೋಟರಿ ಒತ್ತಿದ್ದು ಸಹಿಗೆ ಸಾಕ್ಷಿಯಾಗಿ, ಮದುವೆ ಮುರಿಯೋದಕ್ಕಲ್ಲ. ಕೆಲವು ಸಮುದಾಯಗಳ ರೂಢಿಯ ಬಿಡುಗಡೆಯನ್ನು ಕಾಯ್ದೆ ಒಪ್ಪುತ್ತದೆ, ಆದರೆ ಆ ರೂಢಿ ಇದೆ ಅಂತ ಸಾಬೀತು ಮಾಡೋ ಹೊತ್ತಿಗೆ ಸುಸ್ತಾಗುತ್ತೀ. ಡಿಕ್ರಿ, ಅಂದರೆ ವಿಚ್ಛೇದನ ಕೊಟ್ಟ ಕೋರ್ಟಿನ ಆದೇಶ, ಇಲ್ಲದೆ ಆತ ಇನ್ನೊಂದು ಮದುವೆಯಾದರೆ ಅದು ಅಪರಾಧ. ಇದನ್ನು ಆ ಕಡೆಯವರಿಗೂ ಮುಟ್ಟಿಸು, ಬೇಗ ಕೋರ್ಟಿಗೆ ಬರುತ್ತಾರೆ. ಹಾಗಂತ ಆ ಕಾಗದ ಎಸೆಯಬೇಡ. ಇಬ್ಬರೂ ಒಪ್ಪಿದ್ದೀರಿ ಅನ್ನೋದಕ್ಕೆ ಆಧಾರವಾಗುತ್ತದೆ.

ಒಪ್ಪಿಗೆ ಇರೋದರಿಂದ 1955ರ ಹಿಂದೂ ವಿವಾಹ ಕಾಯ್ದೆಯ 13ಬಿ ಕಲಂನಲ್ಲಿ ಇಬ್ಬರೂ ಸೇರಿ ಅರ್ಜಿ ಹಾಕಿ. ಕನಿಷ್ಠ ಒಂದು ವರ್ಷ ಬೇರೆ ಇದ್ದಿರಬೇಕು, ನಿನಗೆ ಆಗಿದೆ. ಅದಕ್ಕಾಗಿ ಸಾಗರಕ್ಕೆ ಅಲೆಯಬೇಕಿಲ್ಲ, ನೀನೀಗ ಇರುವ ಊರಿನ ವ್ಯಾಪ್ತಿಯ ಕೋರ್ಟೂ ಆಗುತ್ತದೆ.

ರಿಜಿಸ್ಟರ್ ಆಗದಿದ್ದರೂ ಮದುವೆ ಮದುವೆಯೇ. ಲಗ್ನಪತ್ರಿಕೆ, ಧಾರೆಯ ಫೋಟೊ, ದೇವಸ್ಥಾನದ ರಸೀದಿ ಹುಡುಕು. ಆಗುಂಬೆ ಕಡೆಯ ಒಬ್ಬಾಕೆ ಮೂಲೆಗೆ ಅರಿಶಿನ ಹಚ್ಚಿದ ಪತ್ರಿಕೆಯನ್ನು ಹಾಗೇ ಅಟ್ಟದ ಮೇಲಿಟ್ಟಿದ್ದಳು. ನಾಲ್ಕು ಮಳೆಗಾಲದ ಥಂಡಿಗೆ ಅರಿಶಿನ ಹರಡಿ, ಬೂಸಲು ಹಿಡಿದು, ಮುಹೂರ್ತದ ತಾರೀಖೇ ಕಾಣುತ್ತಿರಲಿಲ್ಲ. ಛತ್ರದ ರಸೀದಿ ಸಿಕ್ಕಿ ಬಚಾವಾದೆವು. ಇವತ್ತೇ ಎಲ್ಲದರ ಫೋಟೊ ತೆಗೆದಿಡು ಮಾರಾಯ್ತಿ.

ಇನ್ನು ಹೆಸರು. ನಮ್ಮ ಕಡೆ ಮದುವೆ ದಿನ ಅಕ್ಕಿಯ ಮೇಲೆ ಹೊಸ ಹೆಸರು ಬರೆಸುವ ಮನೆಗಳಿವೆಯಲ್ಲ, ಆ ತಾಪತ್ರಯ ಕೋರ್ಟಿನಲ್ಲಿ ಗೊತ್ತಾಗುತ್ತದೆ. ಆಧಾರ್‌ನಲ್ಲಿ ಒಂದು, ಬ್ಯಾಂಕಿನಲ್ಲಿ ಇನ್ನೊಂದು ಇದ್ದರೆ ಅರ್ಜಿಯಲ್ಲೇ ‘ಉರುಫ್’ ಹಾಕಿ ಎರಡನ್ನೂ ಬರೆಸು. ಇಬ್ಬರ ಆಧಾರ್, ತವರಿನ ವಿಳಾಸ ತೋರಿಸುವ ಏನಾದರೊಂದು, ಫೋಟೊ, ಅರ್ಜಿಯ ಜೊತೆಗೆ ಅಫಿಡವಿಟ್. ಉಳಿದದ್ದು ವಕೀಲರ ಕೆಲಸ.

ನಿನ್ನ ಕೆಲಸ ಬೇರೆ ಇದೆ. ತವರಿನವರು ಹಾಕಿದ ಬಂಗಾರದ್ದು ತೂಕ ಸಮೇತ ಪಟ್ಟಿ ಮಾಡು. ಜೀವನಾಂಶ ಎಷ್ಟು, ಯಾವ ದಿನ, ಯಾವ ಖಾತೆಗೆ ಅನ್ನೋದು ಅರ್ಜಿಯಲ್ಲೇ ಬರಲಿ. ‘ಅಡಿಕೆ ಮಾರಿದ ಮೇಲೆ ಕೊಡ್ತೀವಿ’ ಅನ್ನುವ ಮಾತಿಗೆ ತಲೆಯಾಡಿಸಿ ಸಹಿ ಹಾಕಿದವರನ್ನು ಕಂಡಿದ್ದೇನೆ. ಅಡಿಕೆ ಮಾರಿತು, ದುಡ್ಡು ಬರಲಿಲ್ಲ. ಖಾಲಿ ಹಾಳೆಗಂತೂ ಸಹಿ ಬೇಡವೇ ಬೇಡ, ಯಾರೇ ಹೇಳಲಿ.

ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯಬೇಕು. ಈ ಅವಧಿಯನ್ನು ಕೋರ್ಟು ಬಿಟ್ಟುಕೊಡಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ನೀವು ಬೇರೆಯಾಗಿ ಎರಡು ವರ್ಷ ಆಗಿದ್ದರಿಂದ ಕೇಳಿ ನೋಡಬಹುದು.

ವಕೀಲರ ಫೀಸಿಗೆ ಹೆದರಿ ಕೂರಬೇಡ. ಹೆಂಗಸರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ. ತೀರ್ಥಹಳ್ಳಿ ಕೋರ್ಟಿನಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿ ಎಲ್ಲಿ ಅಂತ ಕೇಳು. ಹೋಗುವಾಗ ಎರಡು ಸೆಟ್ ಜೆರಾಕ್ಸ್ ಒಯ್ಯಿ, ಮೂಲ ಕಾಗದ ಪ್ಲಾಸ್ಟಿಕ್ ಕವರಿನಲ್ಲಿ ಮನೆಯಲ್ಲೇ ಇರಲಿ. ಅಟ್ಟದಲ್ಲಲ್ಲ.