ಭರಣಿಯ ಬೂಷ್ಟಿಗೆ ಹೊರಿಸಿದ ಅಪವಾದ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಬದಿಯಡ್ಕದ ಕಡೆಯ ಆ ಮಹಿಳೆ ಮೊದಲ ಸಲ ನನ್ನ ಬಳಿ ಸಲಹೆಗೆ ಬಂದಾಗ ಸೆರಗಿನೊಳಗೆ ಒಂದು ಭರಣಿ ಇತ್ತು. ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ನನ್ನೆದುರು ಹಿಡಿದರು. ಮಿಡಿ ಉಪ್ಪಿನಕಾಯಿ, ಮೇಲೆ ತೆಳ್ಳಗೆ ಬಿಳಿ ಬೂಷ್ಟು.

"ಇದನ್ನೇ ಬದಿಗೆ ಸರಿಸಿ ಅವರಿಗೆ ಬಡಿಸಿದ್ದು ಮೇಡಂ."

ಎರಡು ತಿಂಗಳ ಹಿಂದೆ ಒಂದು ರಾತ್ರಿ ಗಂಡನ ಹೊಟ್ಟೆ ಹಲಗೆಯಂತೆ ಬಿಗಿದುಕೊಂಡಿತ್ತು. ತಲಪಾಡಿ ದಾಟಿ ಮಂಗಳೂರಿಗೆ ಒಯ್ದರು. ಎಕ್ಸ್‌ರೇಯಲ್ಲಿ ವಪೆಯ (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುಪರದೆ) ಕೆಳಗೆ ಗಾಳಿ ಕಂಡಿತು, ಎಂದರೆ ಜಠರವೋ ಕರುಳೋ ತೂತಾಗಿದೆ. ಕೂಡಲೇ ಶಸ್ತ್ರಚಿಕಿತ್ಸೆ. ತೂತಾಗಿದ್ದ ಜಠರದ ಹುಣ್ಣಿನ ಅಂಚಿನಿಂದ ತೆಗೆದ ಚೂರಿನ ಪರೀಕ್ಷೆಯಲ್ಲಿ ಕ್ಯಾಂಡಿಡಾ ಎಂಬ ಶಿಲೀಂಧ್ರ ಸಿಕ್ಕಿತು. ವೈದ್ಯರು ಹೇಳಿದ 'ಫಂಗಸ್' ಮನೆ ತಲುಪುವಾಗ 'ಬೂಷ್ಟು' ಆಗಿತ್ತು. ಹಳಸಿದ್ದು ತಿನ್ನಿಸಿ ಮಗನ ಹೊಟ್ಟೆ ತೂತು ಮಾಡಿದಳೆಂದು ಅತ್ತೆಯ ದೂರು. ಹರಡೀತೆಂದು ಮಗನ ಬಟ್ಟಲನ್ನೂ ಬೇರೆ ಇಟ್ಟಿದ್ದರು.

"ನಿಮ್ಮ ತಪ್ಪಿಲ್ಲ, ಬಿಡಿ" ಎಂದೆ. ಅವಸರದ ಮಾತು. ಅವರು ಭರಣಿಯನ್ನು ಮತ್ತೆ ಕಟ್ಟತೊಡಗಿದರು.

ಅನುಮತಿ ಪಡೆದು ಶಸ್ತ್ರಚಿಕಿತ್ಸಕರೊಂದಿಗೆ ಮಾತಾಡಿದೆ. ಇಂಥ ತೂತಿಗೆ ಸಾಮಾನ್ಯ ಕಾರಣ ಎಚ್. ಪೈಲೋರಿ ಎಂಬ ಬ್ಯಾಕ್ಟೀರಿಯಾ ಮತ್ತು ನೋವಿನ ಮಾತ್ರೆ, ಶಿಲೀಂಧ್ರ ಅಪರೂಪ. ಕ್ಯಾಂಡಿಡಾ ಆರೋಗ್ಯವಂತರ ಬಾಯಿಯಲ್ಲೂ ಕರುಳಿನಲ್ಲೂ ತೆಪ್ಪಗೆ ಇರುತ್ತದೆ. ಸಕ್ಕರೆ ಕಾಯಿಲೆ ಹತೋಟಿ ತಪ್ಪಿದರೆ, ಸ್ಟೀರಾಯ್ಡ್ ಹೆಚ್ಚಾದರೆ, ಮೊದಲೇ ಇದ್ದ ಹುಣ್ಣಿಗೆ ಇಳಿಯಬಹುದು. ಹುಣ್ಣಿನ ಮೇಲೆ ಸುಮ್ಮನೆ ಕುಳಿತಿದೆಯೋ, ಮಾಂಸದೊಳಕ್ಕೆ ಹೊಕ್ಕಿದೆಯೋ ಎಂಬುದು ಸೂಕ್ಷ್ಮದರ್ಶಕದಲ್ಲೇ ತಿಳಿಯಬೇಕು. ಇವರಲ್ಲಿ ಹೊಕ್ಕಿತ್ತು.

ಮುಂದಿನ ವಾರ ಗಂಡನೊಬ್ಬರನ್ನೇ ಕೂರಿಸಿಕೊಂಡೆ. ಅಡಿಕೆ ಕೃಷಿಕರು, ತೋಟದ ಕೊಳೆರೋಗವೇ ಹೊಟ್ಟೆಗೆ ಇಳಿಯಿತೇ ಎಂಬುದು ಅವರ ಮೊದಲ ಪ್ರಶ್ನೆ. ಅದು ಬೇರೆಯೇ ಜೀವಿ, ಮನುಷ್ಯನಿಗೆ ತಗಲುವುದಿಲ್ಲ ಎಂದೆ. ಆಮೇಲೆ ಬಹಳ ಹೊತ್ತು ಹೆಬ್ಬೆರಳಿನ ಅಡಿಕೆ ಕಲೆಯನ್ನೇ ಉಜ್ಜುತ್ತ ಕುಳಿತರು. ಸಕ್ಕರೆಯ ಮಾತ್ರೆ ಬಿಟ್ಟು ಐದು ತಿಂಗಳಾಗಿತ್ತು, ಯಾರೋ ಹೇಳಿದ ಕಷಾಯ ಕುಡಿಯುತ್ತಿದ್ದರು. ಮಂಡಿನೋವಿಗೆ ದಿನವೂ ಖಾಲಿ ಹೊಟ್ಟೆಯಲ್ಲಿ ನೋವಿನ ಮಾತ್ರೆ. ಹೆಂಡತಿ ಬೈಗುಳ ತಿನ್ನುವಾಗ ಇವರು ಬಾಯಿ ಬಿಟ್ಟಿರಲಿಲ್ಲ. ನನಗೆ ಸಿಟ್ಟು ಬಂದದ್ದು ಅಲ್ಲಿಯೇ.

ಅವರಿಗೆ ಹೇಳಿದ್ದಿಷ್ಟು: ಮಾತ್ರೆ ಬಿಟ್ಟ ಸಂಗತಿಯನ್ನು ತಾಯಿಯೆದುರು ನೀವೇ ಹೇಳಿ, ನಾನು ಹೇಳಿದರೆ ಅದು ಸೊಸೆ ಕಲಿಸಿದ ಪಾಠವೆನಿಸುತ್ತದೆ. ಶಿಲೀಂಧ್ರದ ಔಷಧಿಯನ್ನು ವೈದ್ಯರು ಹೇಳಿದಷ್ಟು ದಿನವೂ ತೆಗೆದುಕೊಳ್ಳಿ. ಅಂಗಡಿಯಿಂದ ನೋವಿನ ಮಾತ್ರೆ ತರಬೇಡಿ. ಸಕ್ಕರೆಯ ಅಂಕಿ ಪುಸ್ತಕದಲ್ಲಿ ಬರೆದಿಡಿ. ಹೊಟ್ಟೆ ಮತ್ತೆ ಬಿಗಿದರೆ ಬೆಳಗಾಗಲೆಂದು ಕಾಯಬೇಡಿ. ಒಟ್ಟಿಗೆ ಉಂಡರೆ ಇದು ಹರಡುವುದಿಲ್ಲ, ಬಟ್ಟಲು ಬೇರೆ ಬೇಡ. ಹೆಂಡತಿಗೆ ಹೇಳಿದ್ದು ಒಂದೇ: ಬೂಷ್ಟು ಹಿಡಿದದ್ದನ್ನು ಬಡಿಸಬೇಡಿ, ಆದರೆ ಈ ತೂತಿನ ಲೆಕ್ಕಕ್ಕೆ ಭರಣಿಯನ್ನು ಎಳೆಯಬೇಡಿ.

ಗಂಡ ಹೇಳಿದರಂತೆ, ಉಣ್ಣುವಾಗ, ತಲೆ ಎತ್ತದೆ. ಅತ್ತೆ ಉತ್ತರ ಕೊಡಲಿಲ್ಲ. ಮರುದಿನದಿಂದ ಮಗನ ಬಟ್ಟಲು ಮಾತ್ರ ಉಳಿದವುಗಳ ಜೊತೆ ತೊಳೆಯಲು ಬರುತ್ತಿದೆ.