ಸ್ಪ್ಲಿಟರ್ ಹಾಕಿದರೆ ಎರಡರಲ್ಲೂ ಒಂದೇ ಚಿತ್ರ!

ಪ್ರಶ್ನೆ: ಸರ್, ಮನೆಯಲ್ಲೇ ಕೂತು ನಾಲ್ಕೈದು ಅಂಗಡಿಗಳ ಲೆಕ್ಕ ಬರೆಯುತ್ತೇನೆ. ಒಂದು ಕಡೆ ಟ್ಯಾಲಿ, ಒಂದು ಕಡೆ ಎಕ್ಸೆಲ್, ಇನ್ನೊಂದು ಕಡೆ ಜಿಎಸ್‌ಟಿ ಪೋರ್ಟಲ್ ತೆರೆದಿಟ್ಟುಕೊಳ್ಳುವ ಆಸೆ. ಅಣ್ಣ ಸೈಬರ್ ಸೆಂಟರ್ ಮುಚ್ಚಿದಾಗ ಉಳಿದ ಎರಡು ಹಳೇ ಮಾನಿಟರ್ ನನ್ನ ಹತ್ತಿರ ಇವೆ. ಒಂದರಲ್ಲಿ ಡಿವಿಐ ಕಿಂಡಿ ಇದೆ, ಇನ್ನೊಂದರಲ್ಲಿ ವಿಜಿಎ ಮಾತ್ರ. ನನ್ನ ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಒಂದು ಎಚ್‌ಡಿಎಂಐ, ಒಂದು ಟೈಪ್-ಸಿ, ಎರಡು ಯುಎಸ್‌ಬಿ. ಎಚ್‌ಡಿಎಂಐ ಸ್ಪ್ಲಿಟರ್, ಕೇಬಲ್, ಕನ್ವರ್ಟರ್ ಎಲ್ಲ ತಂದು ಹಾಕಿದೆ. ಎರಡೂ ಮಾನಿಟರ್‌ನಲ್ಲಿ ಒಂದೇ ಚಿತ್ರ ಬರುತ್ತಿದೆ! ಇನ್ನು ಮೂರು ಸಾವಿರಕ್ಕಿಂತ ಜಾಸ್ತಿ ಖರ್ಚು ಮಾಡಲು ಆಗುವುದಿಲ್ಲ.
— ಹೆಸರು ಬೇಡ, ದಾವಣಗೆರೆ

ಉತ್ತರ: ಸ್ಪ್ಲಿಟರ್ ಕೆಟ್ಟಿಲ್ಲ, ಅದರ ಕೆಲಸವೇ ಅಷ್ಟು. ಬಂದ ಒಂದೇ ಚಿತ್ರವನ್ನು ಎರಡು ಕಡೆ ಹಂಚುತ್ತದೆ. ಅಂಗಡಿಯಲ್ಲಿ ನಾಲ್ಕು ಟಿವಿಗೆ ಒಂದೇ ಕ್ರಿಕೆಟ್ ಮ್ಯಾಚ್ ಹಾಕುತ್ತಾರಲ್ಲ, ಅದಕ್ಕೆ ಸರಿ. ಬೇಕಾದರೆ ಡಿಸ್‌ಪ್ಲೇ ಸೆಟ್ಟಿಂಗ್ಸ್ ತೆರೆದು ನೋಡಿ, 1 ಮತ್ತು 2 ಅಂತ ಎರಡೇ ಚೌಕ ಇರುತ್ತವೆ. ಒಂದು ನಿಮ್ಮ ಲ್ಯಾಪ್‌ಟಾಪ್ ಪರದೆ, ಇನ್ನೊಂದು ಸ್ಪ್ಲಿಟರ್. ಅದರ ಹಿಂದೆ ಎರಡು ಮಾನಿಟರ್ ಇವೆ ಅನ್ನೋದು ಲ್ಯಾಪ್‌ಟಾಪ್‌ಗೆ ಗೊತ್ತೇ ಇಲ್ಲ. ವಾಪಸ್ ತಗೊಂಡರೆ ಕೊಟ್ಟುಬಿಡಿ. ಕೇಬಲ್, ಕನ್ವರ್ಟರ್ ಮಾತ್ರ ಇಟ್ಟುಕೊಳ್ಳಿ, ಅವು ಬೇಕು.

ಈಗ ನಿಮ್ಮ ಟೈಪ್-ಸಿ ಕಿಂಡಿಯ ಪಕ್ಕ ಕಣ್ಣಿಟ್ಟು ನೋಡಿ. ಡಿ ಒಳಗೆ ಪಿ ಸೇರಿಸಿದಂಥ ಸಣ್ಣ ಗುರುತು ಅಥವಾ ಮಿಂಚಿನ ಗುರುತು ಇದ್ದರೆ ಅದರಿಂದ ಚಿತ್ರ ಹೊರಗೆ ಬರುತ್ತದೆ. ಗುರುತು ಇಲ್ಲದಿದ್ದರೂ ಕೆಲವದರಲ್ಲಿ ಬರುತ್ತದೆ, ಅದಕ್ಕೇ ಕಂಪನಿಯ ಸೈಟ್‌ನಲ್ಲಿ ನಿಮ್ಮ ಮಾಡೆಲ್ ನಂಬರ್ ಹಾಕಿ ಟೈಪ್-ಸಿ ಮುಂದೆ ‘ಡಿಸ್‌ಪ್ಲೇಪೋರ್ಟ್’ ಅಂತ ಬರೆದಿದೆಯಾ ನೋಡಿ. ಕಡಿಮೆ ಬೆಲೆಯ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಟೈಪ್-ಸಿ ಇರುವುದು ಬರೀ ಡೇಟಾಗೆ, ಆಕಾರ ನೋಡಿ ನಂಬಬೇಡಿ.

ಚಿತ್ರ ಬರುತ್ತದೆ ಅಂತಾದರೆ ನಿಮ್ಮ ಕೆಲಸ ಮುಗಿದ ಹಾಗೆಯೇ. ಟೈಪ್-ಸಿಯಿಂದ ಎಚ್‌ಡಿಎಂಐ ಅಡಾಪ್ಟರ್ ಒಂದು ತನ್ನಿ, ಮೂರು ಸಾವಿರದಲ್ಲಿ ಧಾರಾಳ ಹಣ ಉಳಿಯುತ್ತದೆ. ಆದರೆ ಯಾವುದಕ್ಕೆ ಯಾವುದು ಅನ್ನೋದು ಮುಖ್ಯ. ವಿಜಿಎ ಕನ್ವರ್ಟರ್ ಒಳಗೆ ಚಿಪ್ ಇದೆ, ಅದು ಎಚ್‌ಡಿಎಂಐ ಕಿಂಡಿಯಿಂದಲೇ ಕರೆಂಟ್ ಎಳೆಯುತ್ತದೆ, ಹಾಗಾಗಿ ಅದನ್ನು ಲ್ಯಾಪ್‌ಟಾಪ್‌ನ ಎಚ್‌ಡಿಎಂಐಗೆ ನೇರವಾಗಿ ಹಾಕಿ. ಡಿವಿಐ ಮಾನಿಟರ್‌ಗೆ ಆ ತಾಪತ್ರಯ ಇಲ್ಲ. ಎಚ್‌ಡಿಎಂಐ ಮತ್ತು ಡಿವಿಐ ಮಾತಾಡುವುದು ಒಂದೇ ಭಾಷೆ, ಸಾದಾ ಕೇಬಲ್ ಸಾಕು. ಅದು ಟೈಪ್-ಸಿ ಅಡಾಪ್ಟರ್‌ಗೆ ಹೋಗಲಿ. ಆಮೇಲೆ ವಿಂಡೋಸ್ ಕೀ ಹಿಡಿದು ಪಿ ಒತ್ತಿ, ‘ಎಕ್ಸ್‌ಟೆಂಡ್’ ಆರಿಸಿ. ಈಗ ಮೂರು ಚೌಕ ಕಾಣಬೇಕು. ಗ್ರಾಫಿಕ್ಸ್ ತಡೆಯುತ್ತಾ ಅನ್ನೋ ಭಯ ಬೇಡ. ಇಂಟೆಲ್‌ನ ಕೋರ್ ಸರಣಿಯ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳಲ್ಲಿ 2012ರಿಂದಲೇ ಮೂರು ಪರದೆ ನಡೆಸುವ ಶಕ್ತಿ ಇದೆ.

ಕನ್ವರ್ಟರ್ ವಿಷಯ ಬಂತಲ್ಲ, ಒಂದು ಮಾತು. ಎಚ್‌ಡಿಎಂಐಯಿಂದ ವಿಜಿಎಗೆ ಬೇರೆ, ವಿಜಿಎಯಿಂದ ಎಚ್‌ಡಿಎಂಐಗೆ ಬೇರೆ. ನೋಡಲು ಅಣ್ಣ-ತಮ್ಮಂದಿರ ಥರ ಇರುತ್ತವೆ. ನಾನು ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಅವಸರಕ್ಕೆ ಉಲ್ಟಾ ತಂದು, ಮಾನಿಟರ್ರೇ ಸತ್ತಿದೆ ಅಂತ ಎರಡು ದಿನ ಬೈದುಕೊಂಡಿದ್ದೆ.

ಟೈಪ್-ಸಿಯಲ್ಲಿ ಚಿತ್ರ ಬರದಿದ್ದರೆ? ಯುಎಸ್‌ಬಿ 3.0ಯಿಂದ ಎಚ್‌ಡಿಎಂಐ ಅಡಾಪ್ಟರ್ ಸಿಗುತ್ತದೆ. ಇದು ಬೇರೆ ಜಾತಿ. ಚಿತ್ರವನ್ನು ಲ್ಯಾಪ್‌ಟಾಪ್‌ನ ಪ್ರೊಸೆಸರ್ ಕುಗ್ಗಿಸಿ ಯುಎಸ್‌ಬಿಯಲ್ಲಿ ಕಳಿಸುತ್ತದೆ, ಅದಕ್ಕೊಂದು ಡ್ರೈವರ್, ಅಂದರೆ ಅದನ್ನು ನಡೆಸುವ ಸಾಫ್ಟ್‌ವೇರ್, ಹಾಕಬೇಕು. ಗೇಮ್‌ಗೆ ಇದು ಆಗಿಬರಲ್ಲ, ಸಿನಿಮಾ ಆ್ಯಪ್‌ಗಳು ಕೆಲವೊಮ್ಮೆ ಕಪ್ಪು ಪರದೆ ತೋರಿಸುತ್ತವೆ. ಟ್ಯಾಲಿಗೆ, ಎಕ್ಸೆಲ್‌ಗೆ ಏನೂ ತೊಂದರೆ ಇಲ್ಲ. ಡಿಸ್‌ಪ್ಲೇಲಿಂಕ್ ಚಿಪ್ ಇರುವುದನ್ನೇ ಕೇಳಿ, ಸ್ವಲ್ಪ ದುಬಾರಿ, ಆದರೆ ಡ್ರೈವರ್‌ಗೆ ಪರದಾಡಬೇಕಿಲ್ಲ.

ನಿಮ್ಮ ವಿಜಿಎ ಮಾನಿಟರ್ ಸೈಬರ್ ಸೆಂಟರ್‌ಗಳಲ್ಲಿ ಇರುತ್ತಿದ್ದ ಆ ಚೌಕದ 17 ಇಂಚಿನದ್ದೇ ಇರಬೇಕು, ಅಲ್ವಾ? ಎಸೆಯಬೇಡಿ. 1280 x 1024 ಆದರೂ ಮಾಮೂಲಿ 1366 x 768 ಲ್ಯಾಪ್‌ಟಾಪ್‌ಗಿಂತ ಎಕ್ಸೆಲ್‌ನ ಸಾಲುಗಳು ಅದರಲ್ಲಿ ಜಾಸ್ತಿ ಕಾಣುತ್ತವೆ.

ಪ್ರಶ್ನೆ: ನನ್ನದು ಎಂ1 ಮ್ಯಾಕ್‌ಬುಕ್ ಏರ್. ಎರಡು ಎಚ್‌ಡಿಎಂಐ ಇರುವ ಹಬ್ ತಂದೆ. ಎರಡೂ ಮಾನಿಟರ್ ಒಂದೇ ತೋರಿಸುತ್ತಿವೆ. ಹಬ್ ಬದಲಾಯಿಸಲಾ?
— ವಿದ್ಯಾರ್ಥಿ, ಮೈಸೂರು

ಉತ್ತರ: ಅಂಥದ್ದೇ ಇನ್ನೊಂದು ಹಬ್ ತಂದರೂ ಅಷ್ಟೇ. 2020ರ ಎಂ1 ಏರ್‌ಗೆ ಹೊರಗಿನ ಮಾನಿಟರ್ ಒಂದೇ, ಆಪಲ್ ಇಟ್ಟಿರುವ ಮಿತಿ ಅದು. ಒಂದು ಕಿಂಡಿಯಲ್ಲಿ ಎರಡು ಬೇರೆ ಚಿತ್ರ ಕಳಿಸುವ ಎಂಎಸ್‌ಟಿ ತಂತ್ರ ವಿಂಡೋಸ್‌ನಲ್ಲಿ ನಡೆಯುತ್ತದೆ, ಮ್ಯಾಕ್‌ನಲ್ಲಿ ನಡೆಯುವುದಿಲ್ಲ. ಮೇಲೆ ಹೇಳಿದ ಡಿಸ್‌ಪ್ಲೇಲಿಂಕ್ ಇದಕ್ಕೊಂದು ದಾರಿ. ಡ್ರೈವರ್ ‘ಸ್ಕ್ರೀನ್ ರೆಕಾರ್ಡಿಂಗ್’ ಅನುಮತಿ ಕೇಳುತ್ತದೆ, ಗಾಬರಿಯಾಗಬೇಡಿ, ಅದು ಕೆಲಸ ಮಾಡುವುದೇ ಹಾಗೆ. 2024ರ ಎಂ3 ಏರ್‌ನಲ್ಲಿ ಮುಚ್ಚಳ ಮುಚ್ಚಿದರೆ ಎರಡು ನಡೆಯುತ್ತವೆ, 2025ರ ಎಂ4ನಲ್ಲಿ ತೆರೆದಿಟ್ಟೇ ಎರಡು. ಬರೀ ಇದಕ್ಕೋಸ್ಕರ ಲ್ಯಾಪ್‌ಟಾಪ್ ಬದಲಾಯಿಸುವ ಯೋಚನೆ ಮಾತ್ರ ಬೇಡ.

ಪ್ರಶ್ನೆ: ಟೈಪ್-ಸಿ ಹಬ್ ಮೂಲಕ 4ಕೆ ಮಾನಿಟರ್ ಹಾಕಿದ್ದೇನೆ. ಮೌಸ್ ಎಳೆದರೆ ತಡವರಿಸುತ್ತದೆ.
— ಓದುಗರು, ಹುಬ್ಬಳ್ಳಿ

ಉತ್ತರ: ಅಡ್ವಾನ್ಸ್ಡ್ ಡಿಸ್‌ಪ್ಲೇಯಲ್ಲಿ ರಿಫ್ರೆಶ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಚಿತ್ರ ಹೊಸದಾಗುತ್ತದೆ ಅನ್ನೋ ಲೆಕ್ಕ) ನೋಡಿ, 30 ಹರ್ಟ್ಸ್ ಇರುತ್ತದೆ. ಅಗ್ಗದ ಹಬ್‌ಗಳಲ್ಲಿ ಎಚ್‌ಡಿಎಂಐ 1.4 ಇರುತ್ತದೆ, 4ಕೆಗೆ ಅದರ ಮಿತಿ ಅಷ್ಟೇ. ರೆಸಲ್ಯೂಷನ್ 1920 x 1080ಕ್ಕೆ ಇಳಿಸಿ 60 ಹರ್ಟ್ಸ್ ಇಟ್ಟು ಒಂದು ದಿನ ಕೆಲಸ ಮಾಡಿ. ಅಕ್ಷರ ಮಸುಕು ಅನ್ನಿಸಿದರೆ ಮಾನಿಟರ್ ಹಿಂದೆ ಡಿಸ್‌ಪ್ಲೇಪೋರ್ಟ್ ಇದೆಯಾ ನೋಡಿ. ಇದ್ದರೆ ಟೈಪ್-ಸಿಯಿಂದ ಡಿಸ್‌ಪ್ಲೇಪೋರ್ಟ್ ಕೇಬಲ್ ತಂದು ನೇರವಾಗಿ ಹಾಕಿ, ಹಬ್ ಪೆನ್‌ಡ್ರೈವ್‌ಗೆ ಇರಲಿ.