ಹಳೇ ಸಾಫ್ಟ್‌ಟಾಪ್ ಜಿಪ್ಸಿಗೆ ಹಿಂದೆ ಭುಜದ ಬೆಲ್ಟ್

ಕ್ಯಾನ್ವಾಸ್ ಟಾಪ್‌ನ ಹಳೇ ಮಾರುತಿ ಜಿಪ್ಸಿಲಿ ಹಿಂದೆ ಮಕ್ಳು ಕೂರ್ತಾರೆ, ಭುಜದ ಬೆಲ್ಟ್ ಹಾಕ್ಸೋಕೆ ಹೋದ್ರೆ ಮೆಕ್ಯಾನಿಕ್ ಆಗಲ್ಲ ಅಂದ್ರು ಅಂತ ಕೇಳಿದ್ರಲ್ಲ. ಅವ್ರು ಹಾಗಂದಿದ್ದಕ್ಕೆ ಕಾರಣ ಬಹುಶಃ ಮೇಲಿನ ಬೋಲ್ಟ್‌ಗೆ ಗಟ್ಟಿ ಜಾಗ ಇಲ್ದಿರೋದು, ಆ ಟಾಪ್ ಕಂಬಿ ಕ್ಯಾನ್ವಾಸ್ ಹಿಡಿಯೋಕಷ್ಟೇ, ಅದಕ್ಕಂತೂ ಬೆಲ್ಟ್ ಕಟ್ಟಿಸ್ಲೇಬೇಡಿ. ಮೊದ್ಲು ಮ್ಯಾಟ್ ಎತ್ತಿ ಫ್ಲೋರ್ ನೋಡಿ, ನಮ್ಮ ಕೊಡಗಿನ ಮಳೆಗೆ ಅಲ್ಲೇ ತುಕ್ಕು ತಿಂದಿರುತ್ತೆ, ತಿಂದಿದ್ರೆ ಆ ಶೀಟ್ ಕಟ್ ಮಾಡಿ ಹೊಸದು ವೆಲ್ಡ್ ಮಾಡಿಸಿದ್ಮೇಲೇ ಮುಂದಿನ ಕೆಲ್ಸ. ಆಮೇಲೆ ರೋಲ್ ಬಾರ್ (ಗಾಡಿ ಮಗುಚಿದ್ರೆ ಕಾಪಾಡೋ ಗಟ್ಟಿ ಪೈಪ್ ಚೌಕಟ್ಟು), ಬೆಲ್ಟ್‌ನ ಮೇಲಿನ ಬೋಲ್ಟ್ ಅದಕ್ಕೇ, ಅದರ ಅಡ್ಡ ಪೈಪ್ ಕೂತವರ ಭುಜದ ಮಟ್ಟಕ್ಕೋ ಸ್ವಲ್ಪ ಮೇಲಕ್ಕೋ ಬರ್ಲಿ, ಕೆಳಗಾದ್ರೆ ಡಿಕ್ಕಿ ಆದಾಗ ಬೆಲ್ಟ್ ಬೆನ್ನುಮೂಳೆನ ಕೆಳಕ್ಕೆ ಒತ್ತುತ್ತೆ. ಬಾರ್ ಹಾಕ್ಸೋ ಮುಂಚೆ ಆರ್‌ಟಿಒದಲ್ಲಿ ಕೇಳ್ಕೊಳ್ಳಿ. ಸೊಂಟದ ಬೋಲ್ಟ್ ಸಾಮಾನ್ಯವಾಗಿ 7/16 ಇಂಚು ಫೈನ್ ಥ್ರೆಡ್, ಬೆಲ್ಟ್ ಜೊತೆ ಬರೋದನ್ನೇ ಹಾಕಿ, ಫ್ಲೋರ್ ಅಡಿ ದಪ್ಪ ಪ್ಲೇಟ್ ಕೊಡ್ಸಿ, ಬರೀ ವಾಷರ್ ಆದ್ರೆ ತಗಡು ಹರ್ಕೊಂಡು ಬರುತ್ತೆ. ಬೆಲ್ಟ್ ಸುತ್ಕೊಳ್ಳೋ ರೀಲ್, ಕಂಪನಿ ಹೇಳಿದ ಕೋನದಲ್ಲೇ ಕೂರ್ಬೇಕು, ಇಲ್ಲಾಂದ್ರೆ ಮಾಂದಲಪಟ್ಟಿ ಬೆಟ್ಟದ ಏರಲ್ಲಿ ಸುಮ್ಸುಮ್ನೆ ಲಾಕ್ ಆಗುತ್ತೆ. ಸೀಟು ಪಕ್ಕಕ್ಕೆ ಮುಖ ಮಾಡಿ ಕೂರೋ ಬೆಂಚಾದ್ರೆ ಭುಜದ ಬೆಲ್ಟ್ ಬೇಡ್ವೇ ಬೇಡ, ಕುತ್ತಿಗೆಗೆ ಅಪಾಯ, ಮಕ್ಳು ಕೂರ್ತಾರೆ ಅಂದ್ರಲ್ಲ, ಮುಂದಕ್ಕೆ ಮುಖ ಮಾಡೋ ಸೀಟೇ ಮೊದ್ಲು ಹಾಕ್ಸಿ.